ದೋಣಿಮನೆಯ ಗಾಳಿಕಂಡಿ ಮುಚ್ಚಿದರೆ ಚಳಿ ಹೋಗುತ್ತದೆಯೇ?

ಬ್ರಿಟನ್ನಿನ ಕಾಲುವೆಗಳಲ್ಲಿ ಉದ್ದನೆಯ ಕಿರಿದಾದ ದೋಣಿಯನ್ನೇ ಮನೆ ಮಾಡಿಕೊಂಡವರ ವಿಡಿಯೊಗಳನ್ನು ನೀವೂ ನೋಡಿರಬಹುದು. ಒಳಗೆ ಪುಟ್ಟ ಒಲೆ, ಮರದ ಗೋಡೆ, ಕಿಟಕಿಯಾಚೆ ಬಾತುಕೋಳಿ. ಇದನ್ನು ನ್ಯಾರೋಬೋಟ್ ಎನ್ನುತ್ತಾರೆ. ಅಲ್ಲಿನ ಹಳೆಯ ಕಾಲುವೆಗಳ ಲಾಕ್‌ಗಳು ಸುಮಾರು 7 ಅಡಿ ಅಗಲ. ಅದಕ್ಕಾಗಿಯೇ ದೋಣಿಯ ಅಗಲ 6 ಅಡಿ 10 ಇಂಚು. ಉದ್ದ ಮಾತ್ರ 70 ಅಡಿಯವರೆಗೂ ಇರುತ್ತದೆ. ಅಂದರೆ ನಮ್ಮ ಬಸ್ಸಿಗಿಂತಲೂ ಕಿರಿದಾದ ಉಕ್ಕಿನ ಡಬ್ಬ!

ಖಾಲಿ ದೋಣಿ ಕೊಂಡು ಒಳಗೆ ನಾಲ್ಕು ಪ್ಲೈವುಡ್ ಹಲಗೆ ಹೊಡೆದರೆ ಮನೆ ಸಿದ್ಧ ಎಂದು ವಿಡಿಯೊ ನೋಡಿದವರಿಗೆ ಅನಿಸುತ್ತದೆ. ಆದರೆ ಹಲಗೆ ಹೊಡೆಯುವುದು ಬಹುತೇಕ ಕೊನೆಯ ಕೆಲಸ. ಮೊದಲು ನೆಲದಡಿ ಇಟ್ಟಿಗೆಯನ್ನೋ ಕಾಂಕ್ರೀಟ್ ಚಪ್ಪಡಿಯನ್ನೋ ಜೋಡಿಸಿ ಭಾರ ಹಾಕಬೇಕು. ಇಲ್ಲವಾದರೆ ದೋಣಿ ನೀರಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅಡುಗೆಮನೆಯ ಸಾಮಾನನ್ನೆಲ್ಲ ಒಂದೇ ಬದಿಗಿಟ್ಟರೂ ಅಷ್ಟೇ, ವಾಲುತ್ತದೆ. ಆಮೇಲೆ ಉಕ್ಕಿನ ಒಳಮೈಗೆ ಶಾಖ ತಡೆಯುವ ಫೋಮ್, ವೈರಿಂಗ್, ಅದಾದ ಮೇಲೆ ಹಲಗೆ. ಇನ್ನೊಂದು ಮಾತು: ಪಿವಿಸಿ ವೈರು ಥರ್ಮಾಕೋಲಿಗೆ ತಾಗಿಕೊಂಡಿದ್ದರೆ ವೈರಿನ ಹೊದಿಕೆಯನ್ನು ಮೆತ್ತಗಿಡುವ ರಾಸಾಯನಿಕ ಥರ್ಮಾಕೋಲಿಗೆ ಸೇರಿಹೋಗುತ್ತದೆ. ಹೊದಿಕೆ ಪೆಡಸಾಗಿ ಬಿರುಕು ಬಿಡುತ್ತದೆ. ಇದು ನಮ್ಮ ಊರಿನ ಮನೆಗಳಿಗೂ ಅನ್ವಯ.

ಈಗ ಮುಖ್ಯ ವಿಷಯಕ್ಕೆ ಬರೋಣ. ಚಳಿಗಾಲದಲ್ಲಿ ದೋಣಿಯ ಗೋಡೆಯಲ್ಲಿ ನೀರಿಳಿಯುತ್ತದೆ, ಹಾಸಿಗೆಯಡಿ ಬೂಷ್ಟು ಹಿಡಿಯುತ್ತದೆ. ಎಲ್ಲೋ ಸೋರುತ್ತಿದೆ ಎಂದು ಸಂದುಗೊಂದೆಲ್ಲ ಮುಚ್ಚುವವರಿದ್ದಾರೆ. ಹಲವು ಸಲ ಆ ನೀರು ಹೊರಗಿನಿಂದ ಬಂದದ್ದೇ ಅಲ್ಲ. ನಾವು ಉಸಿರು ಬಿಟ್ಟಾಗ, ಅನ್ನ ಬೇಯಿಸಿದಾಗ, ಬಟ್ಟೆ ಒಣಗಿಸಿದಾಗ ಹೊರಡುವ ಆವಿ ಅದು. ತಣ್ಣನೆಯ ಲೋಟದ ಹೊರಗೆ ಹನಿ ಕಟ್ಟುವಂತೆ, ಬೆಚ್ಚಗಿನ ಗಾಳಿ ತಣ್ಣಗಿನ ಉಕ್ಕಿಗೆ ತಾಗಿದಲ್ಲಿ ನೀರಾಗುತ್ತದೆ. ಗ್ಯಾಸ್ ಉರಿಸಿದರೂ ನೀರು ಹುಟ್ಟುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. 1 ಕೆ.ಜಿ. ಪ್ರೊಪೇನ್ ಪೂರ್ತಿ ಉರಿದರೆ ಸುಮಾರು 1.6 ಕೆ.ಜಿ. ನೀರು! ಫೋಮ್ ಹಾಕುವಾಗ ಒಂದು ಕಡೆ ಸಂದು ಬಿಟ್ಟರೆ ಈ ನೀರು ಹಲಗೆಯ ಹಿಂದೆ ಸೇರಿ, ಕಣ್ಣಿಗೆ ಬೀಳದಂತೆ ಮರವನ್ನು ಕೊಳೆಸುತ್ತದೆ, ಉಕ್ಕಿಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹಾಗಾಗಿ ಗಾಳಿಕಂಡಿ ಮುಚ್ಚಿದರೆ ತೇವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ತೇವವಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದು ಕಾರ್ಬನ್ ಮೊನಾಕ್ಸೈಡ್. ಕಟ್ಟಿಗೆ, ಕಲ್ಲಿದ್ದಲು, ಗ್ಯಾಸ್, ಡೀಸೆಲ್, ಯಾವುದೇ ಆಗಲಿ, ಸಾಕಷ್ಟು ಗಾಳಿ ಸಿಗದೆ ಉರಿದರೆ ಈ ಅನಿಲ ಹೊರಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. 2013ರಲ್ಲಿ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಒಂದು ಮೋಟಾರು ದೋಣಿಯೊಳಗೆ ಇಬ್ಬರು ಸತ್ತರು. ದೋಣಿಯಲ್ಲಿಟ್ಟಿದ್ದ ಜನರೇಟರಿಗೆ ಕೈಯಾರೆ ಜೋಡಿಸಿದ್ದ ಹೊಗೆಕೊಳವೆಯಿಂದ ವಿಷಾನಿಲ ಒಳಗೆ ಸೇರಿತ್ತು. ನಮ್ಮಲ್ಲೂ ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್‌ನಿಂದ, ಚಳಿಯೆಂದು ಬಾಗಿಲು ಮುಚ್ಚಿ ಇದ್ದಿಲು ಕೆಂಡವಿಟ್ಟು ಮಲಗಿದ್ದರಿಂದ ಜನ ಸಾಯುತ್ತಾರಲ್ಲ, ಕೊಲ್ಲುವುದು ಇದೇ ಅನಿಲ.

'ಈ ಅನಿಲ ಭಾರ, ನೆಲದಲ್ಲಿ ನಿಲ್ಲುತ್ತದೆ, ಮೇಲೆ ಮಲಗಿದವರಿಗೆ ಭಯವಿಲ್ಲ' ಎಂಬುದು ತಪ್ಪು. ಕೆಳಗಿಳಿಯುವುದು ಎಲ್‌ಪಿಜಿ. ದೋಣಿಯಲ್ಲಿ ಸಿಲಿಂಡರ್ ಇಡುವ ಪೆಟ್ಟಿಗೆಗೆ ತಳದಲ್ಲಿ ಹೊರಕ್ಕೆ ತೂತು ಬಿಡುವುದು ಅದಕ್ಕೇ. ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕದ್ದು, ಕೋಣೆಯೆಲ್ಲ ಬೆರೆತುಬಿಡುತ್ತದೆ. 'ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದೆ, 98 ಇದೆ' ಎಂದು ಸುಮ್ಮನಿರುವುದೂ ಅಪಾಯ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆ ಸಾಧನ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಯಾವುದು, ವಿಷಾನಿಲ ಹೊತ್ತದ್ದು ಯಾವುದು ಎಂದು ಗುರುತಿಸಲಾರದು. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದ ಕೂಡಲೇ ಕಡಿಮೆಯಾದರೆ ಅನುಮಾನಿಸಬೇಕು. ಜೊತೆಯಲ್ಲಿರುವವರಿಗೂ ಹಾಗೇ ಆಗುತ್ತಿದ್ದರೆ ಇನ್ನೂ ಹೆಚ್ಚು. ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ, ಕಾರಣ ಪತ್ತೆಯಾಗುವ ತನಕ ಒಲೆ ಹಚ್ಚಬೇಡಿ.

ಬ್ರಿಟನ್ನಿನ ಕಾಲುವೆಗಳಲ್ಲಿ ದೋಣಿಗೆ ಲೈಸೆನ್ಸ್ ಬೇಕಾದರೆ ಸಾಮಾನ್ಯವಾಗಿ 4 ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಆಗಬೇಕು. ವಾಸದ ಕೋಣೆಯಿರುವ ದೋಣಿಗಳಿಗೆ ಈ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಹೊಗೆ ಅಲಾರ್ಮ್ ಇದ್ದರೆ ಸಾಲದು, ಅದು ಬೇರೆಯೇ ಸಾಧನ. ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿ ಒಂದು, ಮಲಗುವ ಜಾಗದಲ್ಲಿ ತಲೆಯ ಮಟ್ಟದಲ್ಲಿ ಇನ್ನೊಂದು ಇರಬೇಕು.

ಈಗ ಇದು ಆನ್‌ಲೈನಿನಲ್ಲಿ ನಮ್ಮಲ್ಲೂ ಸಿಗುತ್ತದೆ. ಗ್ಯಾಸ್ ಗೀಸರ್ ಇರುವ ಮನೆಯವರು ಕೊಳ್ಳುವುದಾದರೆ ಹಿಂಭಾಗದಲ್ಲಿ ಅಚ್ಚಾಗಿರುವ ಕೊನೆಯ ದಿನಾಂಕ ನೋಡಿಕೊಳ್ಳಿ. ಗುಂಡಿ ಒತ್ತಿದಾಗ ಕೂಗಿದರೆ ಬ್ಯಾಟರಿಯೂ ಸದ್ದೂ ಸರಿಯಿದೆ ಎಂದಷ್ಟೇ ಅರ್ಥ, ಒಳಗಿನ ಸೆನ್ಸರಿನ ಆಯಸ್ಸು ಅದರಿಂದ ತಿಳಿಯುವುದಿಲ್ಲ.