ಆಟದ ಬಯಲಿನ ಗುರುಪರಂಪರೆ

ಕಾಲೇಜುಗಳ ಕಾರ್ಯಾಲಯದಲ್ಲಿ ಗೆದ್ದು ತಂದ ಪಾರಿತೋಷಕಗಳನ್ನು ಗಾಜಿನ ಕಪಾಟಿನೊಳಗೆ ಸಾಲಾಗಿ ಇರಿಸುವುದು ವಾಡಿಕೆ. ಅವುಗಳ ಮೇಲೆ ಪಂದ್ಯಾವಳಿಯ ಹೆಸರಿರುತ್ತದೆ, ವರ್ಷವಿರುತ್ತದೆ. ತಂಡವನ್ನು ಪಳಗಿಸಿದವರ ಹೆಸರು ಮಾತ್ರ ಅಪರೂಪ. ಈ ನಾಡಿನ ಗರಡಿಮನೆಗಳ ರೀತಿ ಬೇರೆ. ಅಲ್ಲಿ ಪೈಲವಾನನನ್ನು ಇಂಥ ವಸ್ತಾದರ ಶಿಷ್ಯನೆಂದೇ ಗುರುತಿಸುವರು. ಆ ಮರ್ಯಾದೆ ಕಾಲ್ಚೆಂಡಿನಾಟವನ್ನು ಕಲಿಸಿದವರಿಗೂ ಸಲ್ಲತಕ್ಕದ್ದು.

ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಆ ಮದರಾಸಿನಲ್ಲಿಯೇ 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಆಟ ಕಲಿಸುವುದೂ ಒಂದು ಶಾಸ್ತ್ರ, ಕಲಿಸುವವನು ಮೊದಲು ತಾನು ಕಲಿತಿರಬೇಕು ಎಂಬ ವಿಚಾರಕ್ಕೆ ದಕ್ಷಿಣದಲ್ಲಿ ಅದು ನೆಲೆಯಾಯಿತು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತಲೆಯೆತ್ತಿ, ಒಂದೊಂದು ಆಟಕ್ಕೂ ಪ್ರತ್ಯೇಕ ತರಬೇತುದಾರರನ್ನು ಸಿದ್ಧಗೊಳಿಸತೊಡಗಿತು. ಇಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಹಂತಹಂತವಾಗಿ ತರಬೇತುದಾರರ ಲೈಸೆನ್ಸ್ ನೀಡುತ್ತಿದೆ. ಶಾಸ್ತ್ರ ಇಷ್ಟು ಬೆಳೆದರೂ ಸಣ್ಣ ಕಾಲೇಜಿನಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್, ಕಾಲ್ಚೆಂಡು ಎಲ್ಲವೂ ಸಾಮಾನ್ಯವಾಗಿ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರ ಹೆಗಲ ಮೇಲಿರುತ್ತವೆ. ಆ ಹುದ್ದೆ ತೆರವಾಗಿ ಹಾಗೆಯೇ ಉಳಿದರಂತೂ ಆಟದ ಕಥೆ ಅಲ್ಲಿಗೆ ಮುಗಿಯಿತು.

ಶಾಲಾ ಶಿಕ್ಷಕನೊಬ್ಬನು ಏನು ಸಾಧಿಸಬಲ್ಲನೆಂಬುದಕ್ಕೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಉಜ್ವಲ ನಿದರ್ಶನ. ಅವರ ತರಬೇತಿಯಲ್ಲಿ ಹೈದರಾಬಾದು ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡವು 1951ರಲ್ಲಿಯೂ 1962ರಲ್ಲಿಯೂ ಏಷ್ಯನ್ ಕ್ರೀಡಾಕೂಟದ ಸುವರ್ಣ ಪದಕವನ್ನು ಪಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಚೆಂಡನ್ನು ಕಾಲಲ್ಲೇ ಕಟ್ಟಿಕೊಳ್ಳದೆ ಜೊತೆಗಾರನಿಗೆ ದಾಟಿಸುವುದು, ದುರ್ಬಲವಾದ ಕಾಲನ್ನೂ ಪಳಗಿಸುವುದು ಅವರ ಪಾಠದ ತಿರುಳು. 1963ರಲ್ಲಿ ಅವರು ತೀರಿಕೊಂಡರು. ಅನಂತರ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನ ಸುವರ್ಣ ಪದಕ ಭಾರತಕ್ಕೆ ಮತ್ತೆ ದಕ್ಕಿಲ್ಲ.

ಕಾಲೇಜಿನ ತಂಡಕ್ಕೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆಟಗಾರನು ಮೂರು ವರ್ಷವಿದ್ದು ಹೊರಟುಹೋಗುವನು. ತಂಡದ ನೆನಪು, ನಡೆ, ಶಿಸ್ತು ಉಳಿಯುವುದು ಕಲಿಸುವವನಲ್ಲಿ ಮಾತ್ರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ, ಹತ್ತು ವರ್ಷ ಕಟ್ಟಿದ ತಂಡವು ಗುರುವಿಲ್ಲದ ಎರಡು ವರ್ಷಗಳಲ್ಲಿ ಚದುರಿಹೋಗುತ್ತದೆ.

ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಲ್ಲಿ ದೊಡ್ಡ ಕ್ರೀಡಾಸಂಸ್ಥೆಯೇ ತೆರೆದಿರುವಾಗ ಕಾಲೇಜುಗಳಿಗೆ ಈ ಚಿಂತೆಯೇಕೆಂದು ಕೆಲವರು ಕೇಳಬಹುದು. ಅಂಥ ಸಂಸ್ಥೆ ಆಯ್ದ ಕೆಲವರಿಗೆ. ಸಿರುಗುಪ್ಪದ ಗದ್ದೆಯ ಬದಿಯಿಂದ, ಕುರುಗೋಡಿನ ಬೆಟ್ಟದ ಬುಡದಿಂದ ಓದಲು ಬರುವ ಸಾಮಾನ್ಯ ಹುಡುಗನಿಗೆ ಕಾಲೇಜಿನ ಬಯಲೇ ಗತಿ. ಸಂಜೆಯ ಅಭ್ಯಾಸಕ್ಕೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ಬಸ್ಸು ಹಿಡಿದರೆ ಅಭ್ಯಾಸ ತಪ್ಪುತ್ತದೆ. ಅವನಿಗೆ ಪ್ರಸಾದನಿಲಯದಲ್ಲೊಂದು ಜಾಗ ಕೊಡಿಸಿ, ಬಿಸಿಲೇರುವ ಮುನ್ನ ಬಯಲಿಗಿಳಿಸುವವರು ಬೇಕು. ಅದು ಅವನ ಊರನ್ನೂ ಮನೆಯನ್ನೂ ಬಲ್ಲ ಗುರುವಿನಿಂದ ಆಗುವ ಕೆಲಸ.

ಆದ್ದರಿಂದ ಹೊಸ ಪಾರಿತೋಷಕವನ್ನೋ ಪೆವಿಲಿಯನ್ನನ್ನೋ ದಾನವಾಗಿ ಕೊಡಲಿಚ್ಛಿಸುವ ಮಹನೀಯರು, ಮೊದಲು ಒಬ್ಬ ಶಿಕ್ಷಕರ ಲೈಸೆನ್ಸ್ ತರಬೇತಿಯ ವೆಚ್ಚವನ್ನು ವಹಿಸಿಕೊಳ್ಳುವುದು ಲೇಸು. ಆಡಳಿತ ಮಂಡಳಿಗಳು ಅವರನ್ನು ವರ್ಷವರ್ಷವೂ ಬದಲಿಸದೆ ನೆಲೆಗೊಳಿಸಬೇಕು. ಹಳೆಯ ವಿದ್ಯಾರ್ಥಿಗಳು ತಮಗೆ ಆಟ ಕಲಿಸಿದವರ ಹೆಸರನ್ನೂ ಅವರು ದುಡಿದ ವರ್ಷಗಳನ್ನೂ ಬರೆದು ಕಾಲೇಜಿಗೆ ಒಪ್ಪಿಸಬೇಕು. ಕಲಿಸಿದವರನ್ನು ಮರೆತ ಬಯಲಿಗೆ ಕಲಿಸುವವರು ಮತ್ತೆ ಬರುವುದು ಕಷ್ಟ.