ಅಪಘಾತವೋ, ಪಿತೂರಿಯೋ?

1972ರ ಡಿಸೆಂಬರ್ 8ರಂದು ಷಿಕಾಗೋದ ಮಿಡ್‌ವೇ ನಿಲ್ದಾಣದ ಸಮೀಪ ಯುನೈಟೆಡ್ 553 ವಿಮಾನವು ಮನೆಗಳ ಮೇಲೆ ಬಿದ್ದು 45 ಮಂದಿ ಮಡಿದರು. ಅವರಲ್ಲಿ ವಾಟರ್‌ಗೇಟ್ ಆರೋಪಿ ಹೊವಾರ್ಡ್ ಹಂಟ್ ಅವರ ಪತ್ನಿ ಡೊರೊತಿಯೂ ಇದ್ದರು. ಅವರ ಕೈಚೀಲದಲ್ಲಿ 10,000 ಡಾಲರಿಗೂ ಮಿಕ್ಕ ನಗದು ದೊರೆಯಿತು. ಪಿತೂರಿಯ ಕಥೆಗೆ ಇಷ್ಟೇ ಸಾಕಾಯಿತು. ಆದರೆ ವಿಮಾನ ಏಕೆ ಬಿದ್ದಿತೆಂಬುದನ್ನು ಆ ಹಣ ತಿಳಿಸದು. ತನಿಖೆ ಕಂಡುಕೊಂಡದ್ದು ಬೇರೆ: ಇಳಿಯುವಾಗ ವೇಗ ಕುಗ್ಗಿ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡವು, ಕಾರಣ ಕ್ಯಾಪ್ಟನ್‌ನ ನಿರ್ವಹಣೆಯ ಲೋಪ.

'ಪೈಲಟ್ ತಪ್ಪು' ಎಂದೊಡನೆಯೂ ವಿಚಾರ ಮುಗಿಯದು. 1987ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ 255 ಮೇಲೇರುತ್ತಲೇ ಬಿದ್ದು 156 ಮಂದಿ ಸತ್ತರು. ಚಾಲಕರು ತಪಾಸಣಾ ಪಟ್ಟಿಯನ್ನು ಅನುಸರಿಸದೆ, ಫ್ಲ್ಯಾಪ್‌ಗಳನ್ನು ಚಾಚದೆ ಹೊರಟಿದ್ದರು. ಎಚ್ಚರಿಸಬೇಕಾದ ಯಂತ್ರಕ್ಕೆ ವಿದ್ಯುತ್ತೇ ಹರಿದಿರಲಿಲ್ಲ. 158 ಮಂದಿಯನ್ನು ಬಲಿಗೊಂಡ 2010ರ ಮಂಗಳೂರು ದುರಂತದಲ್ಲಿ, ಮತ್ತೆ ಮೇಲೇರಬೇಕೆಂಬ ಸಹಚಾಲಕನ ಮಾತಿಗೆ ಕ್ಯಾಪ್ಟನ್ ಕಿವಿಗೊಡಲಿಲ್ಲ.

ಕಾಣದ ಕೈಯನ್ನು ದೂರಿದರೆ ತಿದ್ದಿಕೊಳ್ಳಲು ಏನೂ ಉಳಿಯದು. ತಪ್ಪನ್ನು ಗುರುತಿಸಿದರೆ ಯಂತ್ರವನ್ನು ಸರಿಪಡಿಸಬಹುದು, ತರಬೇತಿಯನ್ನು ಬದಲಿಸಬಹುದು. ಊರಿಗೂ ಇಲ್ಲಿಗೂ ನಡುವೆ ವಿಮಾನವನ್ನೇ ನಂಬಿರುವ ನಮಗೆ ಬೇಕಾದುದು ಅದೇ.