ಚಾಲಕನಿಗೆ ಕೊಡಬೇಕಾದ ಬಾಕಿ

"ತಾತ, ರಜೆಗೆ ಮನಾಲಿಗೆ ಹೋಗ್ತಿದ್ದೀವಿ! ಹಿಮದಲ್ಲಿ ಆಡಬಹುದು!" ಮೊನ್ನೆ ಮೊಮ್ಮಗಳ ಫೋನು ಬಂದಾಗ ನಾನು ಗಾಂಧಿ ಬಜಾರಿನಿಂದ ತಂದ ಅವರೆಕಾಯಿ ಸುಲಿಯುತ್ತಿದ್ದೆ. ಖುಷಿಯ ಜೊತೆಗೆ ಒಂದು ಹಳೆಯ ರಾತ್ರಿಯೂ ನೆನಪಾಯಿತು.

ನಮ್ಮ ಬೆಂಗಳೂರಿನ ಚಳಿ ಎಷ್ಟು ಮಹಾ? 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೇ ದಾಖಲೆ. ಬೆಟ್ಟದ ಲೆಕ್ಕವೇ ಬೇರೆ. 2024ರ ಡಿಸೆಂಬರ್ 27ರಂದು ಮನಾಲಿ ಬಳಿಯ ಸೋಲಂಗ್ ನಾಲಾದಲ್ಲಿ ಹಿಮ ಬಿದ್ದು, ಸುಮಾರು 5,000 ಪ್ರವಾಸಿಗರು ವಾಹನಗಳಲ್ಲೇ ಸಿಕ್ಕಿಕೊಂಡರು. ಪೊಲೀಸರು ಅವರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು.

ಎಂಬತ್ತರ ದಶಕದಲ್ಲಿ ಬ್ಯಾಂಕಿನ ಎಲ್‌ಟಿಸಿಯಲ್ಲಿ ಸಂಸಾರ ಸಮೇತ ಶಿಮ್ಲಾಗೆ ಹೋಗಿದ್ದೆ. ಬಾಡಿಗೆಯ ಅಂಬಾಸಿಡರಿನಲ್ಲಿ ಹಿಂತಿರುಗುವಾಗ ಹಿಮ ಸುರಿದು ರಸ್ತೆ ಮುಚ್ಚಿಹೋಯಿತು. ರಾತ್ರಿಯೆಲ್ಲಾ ಕಾರಿನಲ್ಲೇ. ಎಂಜಿನ್ ಓಡುತ್ತಿದ್ದರೆ ಒಳಗೆ ಸ್ವಲ್ಪ ಬೆಚ್ಚಗಿರುತ್ತಿತ್ತು. ಆದರೆ ಚಾಲಕ ಹತ್ತು ನಿಮಿಷಕ್ಕೆಲ್ಲ ಅದನ್ನು ನಿಲ್ಲಿಸಿಬಿಡುತ್ತಿದ್ದ. ಸಾಲದ್ದಕ್ಕೆ ಕಿಟಕಿಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಿದ್ದ. ಪ್ರತಿ ಸಲ ಎಂಜಿನ್ ಶುರು ಮಾಡುವ ಮುನ್ನ ಕೆಳಗಿಳಿದು, ಕಾರಿನ ಹಿಂದಿನ ಹಿಮವನ್ನು ಬರಿಗೈಯಲ್ಲಿ ಸರಿಸಿ ಬರುತ್ತಿದ್ದ.

ಮಗುವಿಗೆ ಶಾಲು ಸುತ್ತುತ್ತಾ ನನ್ನಾಕೆ ನನ್ನತ್ತ ಕಣ್ಣು ಬಿಟ್ಟಳು. "ಪೆಟ್ರೋಲಿನ ದುಡ್ಡು ನಾನು ಕೊಡ್ತೀನಿ, ಗಾಜು ಏರಿಸಯ್ಯಾ, ಎಂಜಿನ್ ನಿಲ್ಲಿಸಬೇಡ" ಎಂದು ಹರಕು ಹಿಂದಿಯಲ್ಲಿ ಗದರಿದೆ. ಅವನು ತಲೆಯಾಡಿಸಿದ, ಒಪ್ಪಲಿಲ್ಲ. ಜಿಪುಣ ಅಂದುಕೊಂಡೆ. ಮರುದಿನ ಊರು ಸೇರಿದ ಮೇಲೆ ಬಾಡಿಗೆಯನ್ನು ಪೈಸೆ ಲೆಕ್ಕದಲ್ಲಿ ಕೊಟ್ಟೆ. ಭಕ್ಷೀಸು ಮಾತ್ರ ಕೊಡಲಿಲ್ಲ.

ಅವನು ಮಾಡಿದ್ದೇನು ಎಂಬುದು ತಿಳಿದದ್ದು 2022ರ ಜನವರಿಯಲ್ಲಿ, ಪತ್ರಿಕೆ ಓದುವಾಗ. ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮದಲ್ಲಿ ಹಿಮಪಾತಕ್ಕೆ ಸಿಕ್ಕಿ 20ಕ್ಕೂ ಹೆಚ್ಚು ಪ್ರವಾಸಿಗರು ಸತ್ತಿದ್ದರು. ಮಕ್ಕಳೂ ಇದ್ದರು. ಹಲವರು ಕಾರಿನೊಳಗೇ. ಕೊಂದದ್ದು ಚಳಿಯೊಂದೇ ಅಲ್ಲ, ವಿಷಾನಿಲವೂ ಕಾರಣ ಎಂದು ವರದಿಯಾಗಿತ್ತು.

ಮಕ್ಕಳೇ, ಪೆಟ್ರೋಲ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸೈಲೆನ್ಸರಿನ ಬಾಯಿಗೆ ಹಿಮ ಕಟ್ಟಿಕೊಂಡರೆ ಅದು ಕಾರಿನೊಳಕ್ಕೆ ನುಗ್ಗಬಹುದು. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಇದು ಕಿತ್ತುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಂತಿ, ಕೊನೆಗೆ ನಿದ್ದೆ. ಆ ನಿದ್ದೆಯಿಂದ ಕೆಲವರು ಏಳುವುದೇ ಇಲ್ಲ.

ಅದೇ ವಾರ ಅಮೆರಿಕದ ವರ್ಜೀನಿಯಾದಲ್ಲೂ ಹೆದ್ದಾರಿ ಹಿಮದಲ್ಲಿ ಹೂತಿತ್ತು. ಎರಡು ಗಂಟೆಯ ದಾರಿಗೆ ಹೊರಟ ಸೆನೆಟರ್ ಟಿಮ್ ಕೇನ್ 27 ಗಂಟೆ ಕಾರಿನಲ್ಲಿದ್ದರು. ಅವರೂ ಕಾರನ್ನು ಬೆಚ್ಚಗೆ ಮಾಡಿಕೊಂಡು, ಎಂಜಿನ್ ನಿಲ್ಲಿಸಿ, ಚಳಿಗೆ ಎಚ್ಚರವಾಗುವ ತನಕ ಮಲಗುತ್ತಿದ್ದರಂತೆ. ಅಲ್ಲಿ ಒಂದು ಸಂಸಾರ ಅವರಿಗೆ ಕಿತ್ತಳೆ ಕೊಟ್ಟಿತು. ಸಿಕ್ಕಿಕೊಂಡಿದ್ದ ಬ್ರೆಡ್ ಲಾರಿಯೊಂದು ಬಾಗಿಲು ತೆರೆದು ಸುತ್ತಲಿನವರಿಗೆಲ್ಲ ಬ್ರೆಡ್ ಹಂಚಿತು.

ಮೊಮ್ಮಗಳಿಗೆ ಒಂದು ಚೀಟಿ ಬರೆದು ಕಳಿಸಿದ್ದೇನೆ. ನೀವೂ ಓದಿಕೊಳ್ಳಿ. ಕಾರು ನಿಂತರೆ ಇಳಿದು ನಡೆಯಬೇಡಿ; ಹಿಮದಲ್ಲಿ ದಾರಿ ತಪ್ಪುವುದು ಸುಲಭ, ಹುಡುಕುವವರಿಗೆ ಕಾರೇ ಗುರುತು. ಕಾರಿಗೆ ಕೆಂಪು ಬಟ್ಟೆ ಕಟ್ಟಿ. ಸೈಲೆನ್ಸರಿನ ಸುತ್ತಲ ಹಿಮ ತೆಗೆದ ಮೇಲೆಯೇ ಎಂಜಿನ್, ಅದೂ ಗಂಟೆಗೆ ಹತ್ತು ನಿಮಿಷ. ಗಾಳಿ ಬೀಸದ ಕಡೆಯ ಗಾಜು ಸ್ವಲ್ಪ ತೆರೆದಿರಲಿ. ಒದ್ದೆ ಕಾಲುಚೀಲ ಬದಲಿಸಿ. ಸ್ವೆಟರಿನೊಳಗೆ ಹಳೆಯ ಪತ್ರಿಕೆ ಸೇರಿಸಿಕೊಂಡರೆ ಬೆಚ್ಚಗಿರುತ್ತದೆ. ಒಬ್ಬರಿಗೊಬ್ಬರು ಅಂಟಿ ಕೂತು ಕೈಕಾಲು ಆಡಿಸುತ್ತಿರಿ. ಕಂಬಳಿ, ನೀರು, ಕಡಲೆಕಾಯಿ ಚಿಕ್ಕಿ, ಟಾರ್ಚು ಕೈಗೆ ಸಿಗುವಂತಿರಲಿ.

ಅಜ್ಜ-ಅಜ್ಜಿಯರೇ, ಈ ಅನಿಲಕ್ಕೆ ಹಿಮವೇ ಬೇಕೆಂದಿಲ್ಲ. ಬಚ್ಚಲಿನ ಗ್ಯಾಸ್ ಗೀಸರ್, ಮುಚ್ಚಿದ ಕೋಣೆಯ ಇದ್ದಿಲ ಒಲೆ ಸಾಕು. ಗಾಳಿಗೆ ದಾರಿ ಬಿಡಿ.

ಕ್ಯಾಷ್ ಕೌಂಟರಿನಲ್ಲಿ ಒಂದು ದಿನವೂ ಲೆಕ್ಕ ತಪ್ಪದವನು ಎಂಬ ಹೆಮ್ಮೆ ನನಗಿತ್ತು. ಆದರೆ ನಮ್ಮ ಐದು ಜೀವ ಉಳಿಸಿದವನ ಹೆಸರನ್ನೂ ನಾನು ಕೇಳಿರಲಿಲ್ಲ. ಮೊಮ್ಮಗಳ ಚೀಟಿಯ ಜೊತೆ 500 ರೂಪಾಯಿಯ ನೋಟು ಇಟ್ಟು ಹೀಗೆ ಬರೆದಿದ್ದೇನೆ: "ಚಾಲಕ ಗಾಜು ಇಳಿಸಿದರೆ ಜಗಳ ಮಾಡಬೇಡ, ಪುಟ್ಟಿ. ಊರಿಗೆ ಹೊರಡುವಾಗ ಅವರ ಹೆಸರು ಕೇಳಿ ಇದನ್ನು ಕೊಡು. ತಾತನ ಹಳೆಯ ಬಾಕಿ ಅಂತ ಹೇಳು."